ಗಣಕದ ಕೋಣೆಗೆ ಬೀಗ ಹಾಕದ ಮೇಷ್ಟ್ರು

ಕಳೆದ ವರ್ಷ ಪ್ರವೇಶದ ದಿನಗಳಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಅಕ್ಷಯ ಕೇಂದ್ರದ ಬೆಂಚಿನ ಮೇಲೆ ಒಂದು ಮಧ್ಯಾಹ್ನವನ್ನೇ ಕಳೆದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮಲಯಾಳ ಆಡಬಲ್ಲಳು, ಓದುವಾಗ ತಡವರಿಸುತ್ತಾಳೆ. ವಿಶ್ವವಿದ್ಯಾಲಯದ ಅರ್ಜಿಯ ಸೂಚನೆಗಳೋ, ಒಂದೋ ಮಲಯಾಳದಲ್ಲಿ, ಇಲ್ಲವೇ ವಕೀಲರಿಗೆ ಮಾತ್ರ ತಿಳಿಯುವ ಇಂಗ್ಲಿಷಿನಲ್ಲಿ. ತಂದೆ ಫೋನು ಮಾಡಿ ವಿಚಾರಿಸಿದಾಗ ಬಂದ ಉತ್ತರ ಒಂದೇ: "ಸಿಸ್ಟಮ್‌ನಲ್ಲಿ ಹಾಗಿದೆ."

ಸಿಸ್ಟಮ್ ಎಂಬುದು ಮಳೆ ಬಿಸಿಲಿನಂತೆ ತಾನಾಗಿ ಬರುವುದಲ್ಲವಷ್ಟೆ? ವಿಶ್ವವಿದ್ಯಾಲಯದ ಗಣಕ ವಿಭಾಗಕ್ಕೆ ಒಬ್ಬ ಮುಖ್ಯಸ್ಥನಿರುತ್ತಾನೆ. ಯಂತ್ರ ಯಾರ ಕೈಗೆ ಎಟುಕಬೇಕು, ಯಾವ ಮಾತಿನಲ್ಲಿ ಮಾತಾಡಬೇಕು ಎಂಬ ತೀರ್ಮಾನದಲ್ಲಿ ಅವನ ಪಾಲು ದೊಡ್ಡದು. ಅಂಥ ಹುದ್ದೆಗೆ ಯಾವ ಗುಣ ಬೇಕೆಂದು ಯೋಚಿಸುವಾಗಲೆಲ್ಲ ನಮಗೆ ನೆನಪಾಗುವವರು ಥಾಮಸ್ ಕರ್ಟ್ಸ್.

ಅಮೆರಿಕದ ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜಿಗೆ ಅವರು ಗಣಿತದ ಅಧ್ಯಾಪಕರಾಗಿ ಬಂದದ್ದು 1956ರಲ್ಲಿ. ಹೆಸರಿಗೆ ಕಾಲೇಜು, ದರ್ಜೆಯಲ್ಲಿ ವಿಶ್ವವಿದ್ಯಾಲಯವೇ. ಆದರೆ ಅಲ್ಲಿ ಗಣಕಯಂತ್ರವಿರಲಿಲ್ಲ. ಎರಡು ವಾರಕ್ಕೊಮ್ಮೆ ಅವರು ತೂತು ಕೊರೆದ ಕಾರ್ಡುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬೆಳಗ್ಗಿನ ರೈಲಿನಲ್ಲಿ ಬಾಸ್ಟನ್ ಕಡೆಗೆ, ಎಂ.ಐ.ಟಿ.ಯ ಯಂತ್ರದ ಬಳಿಗೆ ಹೋಗುತ್ತಿದ್ದರು. ಕಾಲೇಜಿಗೆಂದೂ ಆಸ್ಪತ್ರೆಗೆಂದೂ ಬೆಳಗ್ಗಿನ ಗಾಡಿ ಹಿಡಿದು ಮಂಗಳೂರಿಗೆ ಹೋಗಿಬರುವ ನಮ್ಮವರಿಗೆ ಈ ಪಾಡನ್ನು ವಿವರಿಸಬೇಕಾಗಿಲ್ಲ.

ಆ ಕಾಲದ ಕ್ರಮವೇ ಹಾಗೆ. ಯಂತ್ರ ಒಳಗೆ, ಜನ ಹೊರಗೆ. ಕಿಟಕಿಯಲ್ಲಿ ಕಾರ್ಡಿನ ಕಟ್ಟು ಕೊಟ್ಟು ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಮರುದಿನ ಮತ್ತೆ ಸಾಲು.

ಕರ್ಟ್ಸ್ ಅವರ ಜತೆಗಾರ, ವಿಭಾಗದ ಮುಖ್ಯಸ್ಥ ಜಾನ್ ಕೆಮೆನಿ. ಬುಡಾಪೆಸ್ಟಿನಲ್ಲಿ ಹುಟ್ಟಿ, 1940ರಲ್ಲಿ ಮನೆಯವರೊಂದಿಗೆ ನ್ಯೂಯಾರ್ಕಿಗೆ ಓಡಿಬಂದ ಯಹೂದಿ ಹುಡುಗ. ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೇ. ತಿಳಿಯದ ಭಾಷೆಯ ತರಗತಿಯಲ್ಲಿ ಕೂರುವುದೆಂದರೇನೆಂದು ಆತ ಬಲ್ಲ.

ಕರ್ಟ್ಸ್ ಇಟ್ಟ ಪ್ರಸ್ತಾಪ ಇಷ್ಟೆ: ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಗೂ, ಕವಿತೆ ಓದುವವನಿಗೂ, ಗಣಕ ಸಿಗಬೇಕು, ಗ್ರಂಥಾಲಯದ ಕಪಾಟಿನಿಂದ ಪುಸ್ತಕ ತೆಗೆದಷ್ಟು ಸಲೀಸಾಗಿ, ಯಾರ ಅಪ್ಪಣೆಯೂ ಇಲ್ಲದೆ, ಕಾಸಿಲ್ಲದೆ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ವಿಜ್ಞಾನದವರಲ್ಲ. ನಾಳೆ ಅಧಿಕಾರದ ಕುರ್ಚಿಯಲ್ಲಿ ಕೂರುವವರು ಅವರೇ, ಯಂತ್ರವೆಂದರೇನೆಂದು ಅವರಿಗೂ ತಿಳಿದಿರಲಿ ಎಂಬುದು ಇಬ್ಬರ ವಾದ.

ಒಂದೇ ಯಂತ್ರ ನೂರಾರು ಮಂದಿಗೆ ಹೇಗೆ ಸಾಕಾದೀತು? ಪಂಕ್ತಿಯಲ್ಲಿ ಸಾರು ಬಡಿಸುವವನನ್ನು ನೋಡಿ. ಒಬ್ಬನ ಮುಂದೆಯೇ ನಿಲ್ಲುವುದಿಲ್ಲ. ಇವನಿಗೊಂದು ಸೌಟು, ಅವನಿಗೊಂದು ಸೌಟು ಎನ್ನುತ್ತ ಮೊದಲಿನವನ ಎಲೆ ಬರಿದಾಗುವಷ್ಟರಲ್ಲಿ ಮರಳಿರುತ್ತಾನೆ. ಯಂತ್ರವೂ ಹಾಗೆಯೇ ಒಬ್ಬೊಬ್ಬರಿಗೆ ಕ್ಷಣಕ್ಷಣ ಹಂಚುತ್ತ ಸುತ್ತುತ್ತದೆ. ಪ್ರತಿಯೊಬ್ಬನಿಗೂ ಅದು ತನ್ನದೊಬ್ಬನದೇ ಎಂಬ ಭ್ರಮೆ.

ಈ ಏರ್ಪಾಡನ್ನು ಕಟ್ಟಿದವರಲ್ಲಿ ಬಹುಮಂದಿ ಪದವಿ ತರಗತಿಯ ಹುಡುಗರು. ಹಣ ಕೊಡಬೇಕಾದವರ ಸಲಹೆಗಾರರಿಗೆ ಅನುಮಾನ: ಇದು ಹುಡುಗರಿಂದ ಆಗುವ ಕೆಲಸವೇ? ಕರ್ಟ್ಸ್ ಪಟ್ಟು ಬಿಡಲಿಲ್ಲ. 1959ರಲ್ಲಿ ಬಂದ ಪುಟ್ಟ ಯಂತ್ರವೊಂದರ ಮೇಲೆ ಇಂಥ ಹುಡುಗರೇ ಮಾಡಿದ್ದ ಕೆಲಸವನ್ನು ಅವರು ಕಣ್ಣಾರೆ ಕಂಡಿದ್ದರು. ನಮ್ಮ ಮಟ್ಟಿಗೆ ಅವರ ನಾಯಕತ್ವದ ತಿರುಳು ಇಲ್ಲಿದೆ. 1964ರ ಮೇ 1, ನಸುಕಿನ ನಾಲ್ಕು ಗಂಟೆಗೆ, ಹೊಸ ಯಂತ್ರದಲ್ಲಿ ಎರಡು ಪ್ರೋಗ್ರಾಂಗಳು ಒಟ್ಟಿಗೆ ಓಡಿ ಸರಿಯುತ್ತರ ಕೊಟ್ಟವು. ಬರೆದದ್ದು 'ಬೇಸಿಕ್' ಎಂಬ ಹೊಸ ಭಾಷೆಯಲ್ಲಿ. ಯಂತ್ರವನ್ನು ಎಚ್ಚರಿಸಲು ಯಾವುದೋ ತಾಂತ್ರಿಕ ಪದವಲ್ಲ, 'ಹಲೋ' ಎಂದು ಟೈಪು ಮಾಡಿದರೆ ಸಾಕಿತ್ತು, ಹೊರಡುವಾಗ 'ಗುಡ್‌ಬೈ'. ಕಲಿಯಲು ಬೇಕಾದದ್ದು ಎರಡು ಮೂರು ಪಾಠ.

1966ರಲ್ಲಿ ಕರ್ಟ್ಸ್ ಗಣಕ ಕೇಂದ್ರದ ನಿರ್ದೇಶಕರಾದರು, 1975ರವರೆಗೆ ಇದ್ದರು. ಹುಡುಗರು ಯಂತ್ರದಲ್ಲಿ ಆಟ ಆಡಿದರೂ ತಡೆಯಲಿಲ್ಲ. ಅಂಜಿಕೆ ಬಿಡಿಸಲು ಅದೂ ಒಂದು ದಾರಿ ಎಂದುಕೊಂಡರು. (ಕೆಮೆನಿ ತಾವೇ ಒಂದು ಫುಟ್‌ಬಾಲ್ ಆಟ ಬರೆದಿದ್ದರಂತೆ!) ಸುತ್ತಲಿನ ಪ್ರೌಢಶಾಲೆಗಳಿಗೂ ತಂತಿಯ ಮೂಲಕ ಸಂಪರ್ಕ ಕೊಟ್ಟರು.

ಹೊಗಳಿಕೆಗೂ ಒಂದು ಮಿತಿ ಬೇಕು. "ಪ್ರತಿಯೊಬ್ಬ ವಿದ್ಯಾರ್ಥಿಗೂ" ಎಂದರು, ನಿಜ. ಆದರೆ ಆಗ ಡಾರ್ಟ್‌ಮತ್ತಿನಲ್ಲಿ ಪದವಿಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಅದು ಸಿಕ್ಕಿದ್ದು 1972ರಲ್ಲಿ, ಕೆಮೆನಿ ಕಾಲೇಜಿನ ಅಧ್ಯಕ್ಷರಾಗಿದ್ದಾಗ. ಯಂತ್ರದ ಬಾಗಿಲು ತೆಗೆದ ಊರಿನಲ್ಲಿಯೂ ಹೆಬ್ಬಾಗಿಲು ತೆಗೆಯಲು ಎಂಟು ವರ್ಷ ಬೇಕಾಯಿತು. ಕೆಮೆನಿ 1992ರಲ್ಲಿ, ಕರ್ಟ್ಸ್ 2024ರ ನವೆಂಬರಿನಲ್ಲಿ ತೀರಿಕೊಂಡರು.

ನಮ್ಮ ನೆರೆಮನೆಯ ಹುಡುಗಿಗೆ ಕೊನೆಗೂ ಸೀಟು ಸಿಕ್ಕಿತು. ಆರಿಸಿಕೊಂಡದ್ದು ಕಂಪ್ಯೂಟರ್ ವಿಜ್ಞಾನವನ್ನೇ. ಅರ್ಜಿಯ ಸೂಚನೆಗಳನ್ನು ಆ ಮಧ್ಯಾಹ್ನ ಒಂದೊಂದಾಗಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದವನು ಕೇಂದ್ರದಲ್ಲಿ ಕೆಲಸಕ್ಕಿದ್ದ ಬ್ಯಾರಿ ಹುಡುಗ. ಈ ವರ್ಷ ಅವಳ ತಂಗಿಯ ಸರದಿ. ಅರ್ಜಿಯ ಪುಟ ಮೊನ್ನೆ ತೆರೆದಿದೆ. ನಾವೂ ನೋಡಿದೆವು, ಸೂಚನೆಗಳು ಹೋದ ವರ್ಷ ಇದ್ದಂತೆಯೇ ಇವೆ.