1905ರಲ್ಲಿ ಮಿರಜದಲ್ಲಿ ಏನಾಯಿತು ಗೊತ್ತೇ?

ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಮಿರಜ ಅಂದರೆ ಎರಡೇ: ಒಂದು ದವಾಖಾನೆ, ಇನ್ನೊಂದು ರೈಲು ಬದಲಿಸುವ ಜಂಕ್ಷನ್. ನಾನೂ ಹಾಗೇ ತಿಳಿದಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಕೂತು ಚಹಾ ಕುಡಿದು, ಮುಂದಿನ ಗಾಡಿ ಬಂದೊಡನೆ ಎದ್ದು ಹೋದವನು. ಆಮೇಲೊಮ್ಮೆ ಎರಡು ಬೇರೆ ಬೇರೆ ಜೀವನಕತೆ ಓದುವಾಗ ಎರಡರಲ್ಲೂ ಅದೇ ಊರು, ಅದೇ ಇಸವಿ ಕಂಡು ಮೈ ಜುಮ್ಮೆಂದಿತು. ಮಿರಜ, 1905!

ಆ ವರ್ಷ ಮಿರಜದ ರಂಗಮಂದಿರದಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಹೊಸ ಹುಡುಗನೊಬ್ಬ ಶಕುಂತಲೆಯಾಗಿ ಬಂದು ನಿಂತ. ಅವನೇ ನಾರಾಯಣರಾವ್ ರಾಜಹಂಸ, ಮುಂದೆ ಲೋಕವೆಲ್ಲ ಬಾಲಗಂಧರ್ವ ಎಂದು ಕೊಂಡಾಡಿದ ನಟ. ಅವನು ಸೀರೆ ಉಟ್ಟ ರೀತಿ, ಮುಡಿದ ಹೂವು ನೋಡಿ ಮನೆಯ ಹೆಣ್ಣುಮಕ್ಕಳೇ ಹಾಗೆ ಉಡಲು, ಮುಡಿಯಲು ಕಲಿತರು. ಅದೇ ವರ್ಷ ಅದೇ ಊರಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು. ಹೆಸರು ಚಂಪಾಕಲಿ. ಹೆಣ್ಣಿನ ಪಾತ್ರವನ್ನು ಹೆಣ್ಣಾಗಿಯೇ ಆಡಿ ಹಾಡಿದ, ಹೆಣ್ಣಿನ ಹಾಡನ್ನು ಖಾಸಗಿ ದಿವಾಣಖಾನೆಯಿಂದ ಎಲ್ಲರ ಸಭಾಗೃಹಕ್ಕೆ ತಂದ ಹೀರಾಬಾಯಿ ಬಡೋದೇಕರ ಅವರೇ ಆ ಕೂಸು.

ಆ ಮನೆಯ ಕತೆಯೇ ಒಂದು ಕಾದಂಬರಿ. ತಂದೆ ಉಸ್ತಾದ್ ಅಬ್ದುಲ್ ಕರೀಮ್ ಖಾನ್, ಉತ್ತರದ ಕೈರಾನಾದಿಂದ ಹೊರಟು ಬಡೋದೆಯ ಅರಮನೆ ಸೇರಿದ ಗಾಯಕರು. ತಾಯಿ ತಾರಾಬಾಯಿ ಮಾನೆ, ಅದೇ ಅರಮನೆಯ ಸರದಾರ ಮನೆತನದ ಮಗಳು. ಮತ ಬೇರೆ, ಅಂತಸ್ತು ಬೇರೆ. ಇಬ್ಬರೂ ಬಡೋದೆ ಬಿಟ್ಟು ಮುಂಬಯಿಗೆ ಹೊರಟುಹೋದರು, ಕಡೆಗೆ ಮಿರಜದಲ್ಲಿ ನೆಲೆ ಕಂಡರು. ಮಿರಜದಲ್ಲಿ ಪ್ಲೇಗು ಹಿಡಿದಾಗ ಖಾನ್‌ಸಾಹೇಬರು ಮೀರಾಸಾಹೇಬರ ದರ್ಗಾದಲ್ಲಿ ಕೂತು ಹಾಡಿದರು, ಹಾಡುತ್ತ ಗುಣವಾದರು ಎಂದು ಊರವರು ಇಂದಿಗೂ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅವರ ಸಮಾಧಿ ಇರುವುದು ಮಾತ್ರ ಆ ದರ್ಗಾದ ಆವರಣದಲ್ಲೇ. ಉರುಸಿನಲ್ಲಿ ಈಗಲೂ ಅವರ ನೆನಪಿಗೆ ಗಾಯಕರು ಬಂದು ಹಾಡುತ್ತಾರೆ.

ಮುಂದೆ ಗಂಡ ಹೆಂಡಿರು ಬೇರೆಯಾದರು. ತಾರಾಬಾಯಿ ಐದು ಮಕ್ಕಳನ್ನು ಕರೆದುಕೊಂಡು ಹೊರಬಂದರು, ಮಕ್ಕಳ ಹೆಸರನ್ನೇ ಬದಲಿಸಿದರು. ಅಬ್ದುಲ್ ರಹಮಾನ್ ಸುರೇಶಬಾಬು ಆದ, ಸಕೀನಾ ಸರಸ್ವತಿ ಆದಳು, ಚಂಪಾಕಲಿ ಹೀರಾ ಆದಳು. ಹಿಂದೆ ಬಿಟ್ಟುಬಂದ ಬಡೋದೆ ಅಡ್ಡಹೆಸರಾಗಿ ಉಳಿಯಿತು. ಆ ತಾಯಿಯ ಎದೆಗಾರಿಕೆಗೆ ನಾನು ಕೈ ಮುಗಿಯುತ್ತೇನೆ!

ಹೀರಾಬಾಯಿಗೆ ಪಾಠ ಹೇಳಿದವರು ಅಬ್ದುಲ್ ವಹೀದ್ ಖಾನ್, ಕಿವಿ ಮಂದವಾಗಿದ್ದ, ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಬಿಡಿಸಿ ತೋರಿಸುತ್ತಿದ್ದ ಗುರು. ಮನೆಯಲ್ಲಿ ಅಣ್ಣ ಸುರೇಶಬಾಬು ಇದ್ದೇ ಇದ್ದರು. 1921ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಮುಂಬಯಿಯಲ್ಲಿ ನಡೆಸಿದ ಸಂಗೀತ ಸಮ್ಮೇಳನದಲ್ಲಿ ಹದಿನಾರರ ಈ ಹುಡುಗಿ ಹಾಡಿದರು.

ಆ ಕಾಲದಲ್ಲಿ ಹಾಡುವ ಹೆಂಗಸು ಅಂದರೆ ಜನ ಏನು ಅನ್ನುತ್ತಿದ್ದರು? ಶ್ರೀಮಂತರ ಬೈಠಕ್ಕು, ಲೋಡು ದಿಂಬು, ಹಾವಭಾವ, ಹಾಡು ಮುಗಿದ ಮೇಲೆ ಬೆನ್ನ ಹಿಂದೆ ಪಿಸುಮಾತು. ಹೀರಾಬಾಯಿ ಮೈತುಂಬ ಸೆರಗು ಹೊದ್ದು, ತಂಬೂರಿಗಳ ನಡುವೆ ನೆಟ್ಟಗೆ ಕೂತು, ಕೈ ಬಾಯಿ ತಿರುವದೆ ಹಾಡಿದರು. ಟಿಕೀಟು ಇಟ್ಟು ಹಾಡಿದರು! ನಮ್ಮ ದೇಶದಲ್ಲಿ ಟಿಕೀಟಿನ ಕಚೇರಿ ಮಾಡಿದ ಮೊದಲ ಗಾಯಕಿ ಎಂದೇ ಅವರನ್ನು ನೆನೆಯುತ್ತಾರೆ. ಅದರ ಅರ್ಥ ನೋಡಿ: ಬಖ್ಷೀಸಿನ ಹಂಗು ಇಲ್ಲ. ದುಡ್ಡು ಕೊಟ್ಟ ಯಾರೇ ಆಗಲಿ ಕುರ್ಚಿಯಲ್ಲಿ ಕೂತು ಕೇಳಬಹುದು, ಮನೆಮಂದಿಯನ್ನೂ ಕರೆತರಬಹುದು. ಯಾವ ಕೋರ್ಟಿನ ತೀರ್ಪೂ ಕೊಡಲಾಗದ ಹಕ್ಕನ್ನು ಹೀಗೆ ಊರೂರಿಗೆ ಹೋಗಿ ಹಾಡಿ ಗಳಿಸಿಕೊಂಡರು. ನನ್ನ ಮಟ್ಟಿಗೆ ಇದು ಹೋರಾಟವೇ.

ರಂಗದ ಮೇಲೂ ಅಷ್ಟೆ. ಮಿರಜದ ಮಗ್ಗುಲಲ್ಲೇ ಇರುವ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ಕಣ್ಣು ತೆರೆಯಿತು. ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರಿಗೆ ಅಂಥ ನಾಟಕ ಆಡಿಸುವ ಆಸೆ ಹುಟ್ಟಿಸಿದ್ದು ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ, ನಮ್ಮವರ ಆಟ! ಆದರೆ ಅಲ್ಲಿ ಸೀತೆಯಾದವನೂ ಗಂಡಸೇ. ಹೆಣ್ಣುಮಕ್ಕಳೇ ಕಟ್ಟಿದ ಮಂಡಳಿಗಳು ಆಮೇಲೆ ಬಂದವು, ನಿಜ. ಹೀರಾಬಾಯಿ ಮತ್ತು ಒಡಹುಟ್ಟಿದವರು ಮಾಡಿದ್ದು ಇನ್ನೊಂದು ಹೆಜ್ಜೆ: ಗಂಡಿನ ಪಾತ್ರ ಗಂಡು, ಹೆಣ್ಣಿನ ಪಾತ್ರ ಹೆಣ್ಣು, ಒಂದೇ ರಂಗದ ಮೇಲೆ. ಅದೂ ಬಾಲಗಂಧರ್ವರ ಹೆಸರು ಮನೆಮನೆಯಲ್ಲಿ ಇದ್ದಾಗ! ಮಾತಿನ ಸಿನಿಮಾ ಬಂದ ಮೇಲೆ ಅವರ ನಾಟಕ ಕಂಪನಿ ಉಳಿಯಲಿಲ್ಲ. ಅವರು ಸಿನಿಮಾದಲ್ಲೂ ನಟಿಸಿದರು, ಕಡೆಗೆ ಕಚೇರಿಗೇ ಮರಳಿದರು.

ಮಿರಜದ ಸಿತಾರ ಮಾಡುವವರ ಓಣಿಗೆ ಹೋದರೆ ಇದೆಲ್ಲ ಕಣ್ಣಿಗೆ ಕಟ್ಟುತ್ತದೆ. ಪಂಢರಪುರದ ಕಡೆಯಿಂದ ಬಂದ ದಪ್ಪ ಸೋರೆಬುರುಡೆಗಳು ಮಾಡಿಗೆ ತೂಗುಬಿದ್ದಿರುತ್ತವೆ. ಕುಶಲಿ ತಂತಿ ಹಾಯುವ ಕುದುರೆಯ ಮೇಲೆ ಅರ ಆಡಿಸುತ್ತಾನೆ, ತಂತಿ ಮೀಟುತ್ತಾನೆ, ಮತ್ತೆ ಕೂದಲೆಳೆಯಷ್ಟು ಉಜ್ಜುತ್ತಾನೆ. ಕುದುರೆಯ ಮೈ ಹದಗೊಂಡು ಜವಾರಿ ಕೂಡಿದ ಗಳಿಗೆಯಲ್ಲಿ ಅಲ್ಲಿಯವರೆಗೆ ಬರೀ ಟಂಗ್ ಅನ್ನುತ್ತಿದ್ದ ತಂತಿ ಒಮ್ಮೆಲೇ ಜೇನುಹುಳುವಿನಂತೆ ಝೇಂಕರಿಸುತ್ತದೆ. ಅಲ್ಲಿ ನಿಂತು ಕೇಳಿದರೆ ಈ ಊರಲ್ಲಿ ಹುಟ್ಟಿದ ಮಗು ಹಾಡದೆ ಇನ್ನೇನು ಮಾಡೀತು ಅನಿಸುತ್ತದೆ.

ಆ ನಾದ ನಮ್ಮ ಕಡೆಗೂ ಹರಿದು ಬಂತು. ಅಬ್ದುಲ್ ಕರೀಮ್ ಖಾನ್‌ಸಾಹೇಬರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯ ಕರ್ನಾಟಕ ಸಂಗೀತ ಕೇಳಿ ತಲೆದೂಗುತ್ತಿದ್ದರು. ಆ ಅಂಬಾಬಾಯಿಯ ಮಗಳೇ ಗಂಗೂಬಾಯಿ ಹಾನಗಲ್ಲ, ಹೀರಾಬಾಯಿಗಿಂತ ಎಂಟು ವರ್ಷ ಚಿಕ್ಕವರು. ಗಂಗೂಬಾಯಿಯ ಗುರು, ಖಾನ್‌ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು. ಹೀರಾಬಾಯಿಯದು ಜೇನಿನಂಥ ತೆಳು ಕಂಠ, ಗಂಗೂಬಾಯಿಯದು ಗುಡುಗಿನ ಗಾಂಭೀರ್ಯ. ಘರಾಣೆ ಒಂದೇ, ಕಿರಾನಾ. ಗಂಗೂಬಾಯಿಯೂ ಓಣಿಯ ಕುಹಕ ಕೇಳಿಕೊಂಡೇ ಬೆಳೆದವರು, ಅವರೂ ತಲೆ ಎತ್ತಿ ವೇದಿಕೆ ಏರಿದರು.

ಹೀರಾಬಾಯಿಗೆ 1965ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 1970ರಲ್ಲಿ ಪದ್ಮಭೂಷಣ. 1989ರಲ್ಲಿ ತೀರಿಕೊಂಡರು. ಗಾಯಕಿ ಪ್ರಭಾ ಅತ್ರೆ ಹೀರಾಬಾಯಿಯವರ ಶಿಷ್ಯೆ.

ಮುಂದಿನ ಸಲ ಮಿರಜದಲ್ಲಿ ಗಾಡಿ ತಡವಾದರೆ ಪ್ಲಾಟ್‌ಫಾರ್ಮಿನಲ್ಲೇ ಕೂಡಬೇಡಿ. ರಿಕ್ಷಾ ಹತ್ತಿ ದರ್ಗಾಕ್ಕೆ ಹೋಗಿ, ಸಿತಾರದ ಓಣಿಯಲ್ಲಿ ಒಂದು ತಂಬೂರಿ ಮೀಟಿಸಿ ಕೇಳಿ. ಮನೆಗೆ ಬಂದ ಮೇಲೆ ಹೀರಾಬಾಯಿಯವರ ಹಳೆಯ ಧ್ವನಿಮುದ್ರಿಕೆಯೊಂದನ್ನು ಹುಡುಕಿ ಹಚ್ಚಿ, ಮನೆಯ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಕೇಳಿ.