ಹಾವುರಾಣಿಗೆ ವಿಷವಿಲ್ಲ, ಉಡದೆಣ್ಣೆಗೆ ಗುಣವಿಲ್ಲ

ತಪ್ಪು ಕಲ್ಪನೆ: ಹಾವುರಾಣಿ ಕಚ್ಚಿದರೆ ಮನುಷ್ಯ ಉಳಿಯುವುದಿಲ್ಲ.

ವಾಸ್ತವ: ಹಾವಿನಂತೆ ಹೊಳೆಯುವ ಮೈ, ಹೆಸರಿನಲ್ಲೂ ಹಾವು. ಇಷ್ಟಕ್ಕೇ ಈ ಸಾಧುಜೀವಿ ಕಂಡಲ್ಲೆಲ್ಲ ಏಟು ತಿನ್ನುತ್ತದೆ. ಅದಕ್ಕೆ ವಿಷದ ಹಲ್ಲೂ ಇಲ್ಲ, ವಿಷದ ಗ್ರಂಥಿಯೂ ಇಲ್ಲ. ತರಗೆಲೆಯಡಿ ಹುಳಹುಪ್ಪಟೆ ಹುಡುಕಿ ತಿನ್ನುವುದೇ ಅದರ ಬದುಕು. ಕೆಲವು ಜಾತಿಯ ಮರಿಗಳ ಬಾಲ ಕೆಂಪಗಿರುತ್ತದೆ. ಅದು ವಿಷದ ಗುರುತಲ್ಲ, ಶತ್ರುವಿನ ಕಣ್ಣನ್ನು ತಲೆಯಿಂದ ಬಾಲದ ಕಡೆಗೆ ಸೆಳೆಯುವ ಉಪಾಯ. ಹಕ್ಕಿ ಬಾಲಕ್ಕೆ ಬಾಯಿ ಹಾಕಿದರೆ ಬಾಲ ಕಳಚಿಬಿದ್ದು ಒದ್ದಾಡುತ್ತಿರುತ್ತದೆ, ಅಷ್ಟರಲ್ಲಿ ಹಾವುರಾಣಿ ಪಾರು. ಬಾಲ ಮತ್ತೆ ಚಿಗುರುತ್ತದೆ, ಆದರೆ ಹೊಸದರಲ್ಲಿ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯಷ್ಟೇ.

ತಪ್ಪು ಕಲ್ಪನೆ: ಹಲ್ಲಿ ಬಿದ್ದ ಸಾರು ವಿಷವಾಗುತ್ತದೆ.

ವಾಸ್ತವ: ಮನೆಹಲ್ಲಿಯಲ್ಲಿ ವಿಷವೇ ಇಲ್ಲ. ಆದರೂ ಆ ಸಾರನ್ನು ಚೆಲ್ಲುವುದೇ ಸರಿ. ಹಲ್ಲಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ವಾಂತಿ-ಭೇದಿಗೆ ಅದು ಸಾಕು. ಪಾತ್ರೆಗೆ ಮುಚ್ಚಳ ಹಾಕಿ. ಸೊಳ್ಳೆ, ಜಿರಳೆ ತಿನ್ನುವ ಹಲ್ಲಿಯನ್ನು ಅದರ ಪಾಡಿಗೆ ಬಿಡಿ.

ತಪ್ಪು ಕಲ್ಪನೆ: ಬೇಲಿಯ ಮೇಲೆ ತಲೆಯಾಡಿಸುವುದು ಗೋಸುಂಬೆ, ಅದರ ಕತ್ತು ಕೆಂಪಾಗುವುದು ರಕ್ತ ಹೀರಿ.

ವಾಸ್ತವ: ಅದು ಓತಿಕ್ಯಾತ. ಸಂತಾನದ ಕಾಲದಲ್ಲಿ ಗಂಡಿನ ಕತ್ತಿಗೆ ಕೆಂಪೇರುತ್ತದೆ, ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಗೋಸುಂಬೆ ಬೇರೆಯೇ ಪ್ರಾಣಿ: ತೂಗುತ್ತಾ ಮೆಲ್ಲಗೆ ನಡೆಯುತ್ತದೆ, ಇಕ್ಕಳದಂಥ ಪಾದಗಳಿಂದ ಕೊಂಬೆ ಹಿಡಿಯುತ್ತದೆ, ಎರಡು ಕಣ್ಣುಗಳನ್ನು ಎರಡು ದಿಕ್ಕಿಗೆ ತಿರುಗಿಸುತ್ತದೆ. ಅದು ಕುಳಿತ ಜಾಗದ ಬಣ್ಣವನ್ನೇ ತಾಳುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ಸಿಟ್ಟು, ಭಯ, ಬಿಸಿಲು, ಚಳಿ ಬಣ್ಣವನ್ನು ಹೆಚ್ಚಾಗಿ ಬದಲಿಸುತ್ತವೆ. ಮಡಗಾಸ್ಕರಿನ ಒಂದು ಗೋಸುಂಬೆಯ ಚರ್ಮದಲ್ಲಿ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬಣ್ಣ ಬದಲಾಗುವುದನ್ನು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ತಪ್ಪು ಕಲ್ಪನೆ: ಹಾರುವ ಓತಿ ಹಕ್ಕಿಯಂತೆ ಹಾರುತ್ತದೆ.

ವಾಸ್ತವ: ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಿದವರಿಗೆ ಇದು ಹಳೆಯ ಗೆಳೆಯ. ಉದ್ದನೆಯ ಪಕ್ಕೆಲುಬುಗಳ ಮೇಲೆ ಚರ್ಮ ಬಿಚ್ಚಿ, ಮಲೆನಾಡಿನ ಅಡಿಕೆ ಮರದಿಂದ ಮರಕ್ಕೆ ತೇಲುತ್ತದೆ, ಅಷ್ಟೆ.

ತಪ್ಪು ಕಲ್ಪನೆ: ಉಡದ ಎಣ್ಣೆ, ಮಾಂಸ ಕೀಲುನೋವಿಗೆ ಮದ್ದು.

ವಾಸ್ತವ: ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಈ ನಂಬಿಕೆಗೆ ಬಲಿಯಾದ ಉಡಗಳಿಗೆ ಲೆಕ್ಕವಿಲ್ಲ ಎಂಬುದೇ ಸಂಕಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡವಿದೆ. ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಅದೃಷ್ಟ ತರುವ ಗಿಡದ ಬೇರೆಂದು ಮಾರುವ ‘ಹತ್ತಾ ಜೋಡಿ’ ಎಷ್ಟೋ ಸಲ ಗಂಡು ಉಡದ ಒಣಗಿಸಿದ ಜನನಾಂಗ. ಅದನ್ನು ಮಾರುವುದಷ್ಟೇ ಅಲ್ಲ, ಕೊಂಡು ದೇವರಮನೆಯಲ್ಲಿಡುವುದೂ ಅಪರಾಧ.