ಮುಂಬೈಗೆ ನೀರು ಕೊಡುವ ಶಹಾಪುರದಲ್ಲೇ ಬೇಸಿಗೆ ಬಂದರೆ ಟ್ಯಾಂಕರ್: ಯಾಕೆ ಹೀಗೆ?

ಡೊಂಬಿವಲಿ, ಕಲ್ಯಾಣದಲ್ಲಿರುವ ಕನ್ನಡಿಗರಿಗೆ 'ಕಸಾರಾ ಲೋಕಲ್' ಎಂಬ ಹೆಸರು ಹೊಸದಲ್ಲ. ಅದೇ ರೈಲು ಕಲ್ಯಾಣ ದಾಟಿ ಟಿಟ್ವಾಲಾ, ವಾಸಿಂದ್, ಆಸನಗಾಂವ್, ಖರ್ಡಿ ಮಾರ್ಗವಾಗಿ ಸಹ್ಯಾದ್ರಿಯ ಬುಡಕ್ಕೆ ಬರುವ ಹೊತ್ತಿಗೆ ಕಿಟಕಿಯ ಹೊರಗಿನ ನೋಟವೇ ಬದಲಾಗಿರುತ್ತದೆ. ಅಪಾರ್ಟ್‌ಮೆಂಟ್‌ಗಳ ಜಾಗದಲ್ಲಿ ಕೊಯ್ಲು ಮುಗಿದು ಬಿರುಕು ಬಿಟ್ಟ ಭತ್ತದ ಗದ್ದೆಗಳು, ಎಲೆ ಉದುರಿಸಿದ ತೇಗದ ಮರಗಳು ಮತ್ತು ಬಾವಿ ಕಟ್ಟೆಯ ಸುತ್ತ ಸಾಲಾಗಿ ಇಟ್ಟ ಕೊಡಗಳು ಕಾಣುತ್ತವೆ.

ಇದು ಠಾಣೆ ಜಿಲ್ಲೆಯ ಶಹಾಪುರ ತಾಲೂಕು. ಮುಂಬೈ ಮಹಾನಗರಕ್ಕೆ ನೀರು ಕೊಡುವ ದೊಡ್ಡ ಅಣೆಕಟ್ಟುಗಳು ಇರುವುದೇ ಇಲ್ಲಿ. ಆದರೂ ಬೇಸಿಗೆ ಶುರುವಾದರೆ ಇಲ್ಲಿನ ಹಲವು ಹಳ್ಳಿಗಳು ಟ್ಯಾಂಕರ್ ದಾರಿ ಕಾಯುತ್ತವೆ. ಇದಕ್ಕೆ ಕಾರಣವೇನು? ಈ ಹಳ್ಳಿಗಳಲ್ಲಿ ಬೇಸಿಗೆಯ ದಿನಗಳು ಹೇಗಿರುತ್ತವೆ? ಇಲ್ಲಿದೆ ವಿವರ.

ಬೇಸಿಗೆಯ ಆರಂಭ ಹೇಗಿರುತ್ತದೆ?

ಹೋಳಿ ಮುಗಿದು ಯುಗಾದಿ, ಅಂದರೆ ಇಲ್ಲಿನ ಗುಡಿ ಪಾಡ್ವಾ ಬರುವ ಹೊತ್ತಿಗೆ ಹಳ್ಳಿಯ ದಿನಚರಿ ಬದಲಾಗುತ್ತದೆ. ಭತ್ತದ ನಂತರ ಗದ್ದೆಯ ಉಳಿದ ತೇವದಲ್ಲಿ ಬೆಳೆದ ಅವರೆ ಮನೆ ಸೇರಿರುತ್ತದೆ. ಕಾಡಂಚಿನಲ್ಲಿ ಹಿಪ್ಪೆ ಮರಗಳು ಹೂ ಉದುರಿಸುತ್ತವೆ. ಠಾಕೂರ್, ವಾರ್ಲಿ, ಕಾತಕರಿ ಸಮುದಾಯದ ಕುಟುಂಬಗಳು ನಸುಕಿನಲ್ಲೇ ಹೋಗಿ ಹೂ ಆರಿಸಿ ತಂದು ಒಣಗಿಸುತ್ತವೆ. ಬಿಸಿಲು ಏರಿದಂತೆ ಕವಳಿ ಹಣ್ಣು, ಮಾವು ಬುಟ್ಟಿ ಸೇರಿ ರೈಲು ನಿಲ್ದಾಣದ ಹೊರಗೆ ಮಾರಾಟಕ್ಕೆ ಬರುತ್ತವೆ.

ರೈತರಿಗೆ ಇದು 'ರಾಬ್' ಸುಡುವ ಕಾಲ. ಮಳೆಗಾಲದಲ್ಲಿ ಭತ್ತದ ಸಸಿಮಡಿ ಮಾಡುವ ಜಾಗದಲ್ಲಿ ಸಗಣಿ, ಒಣ ಎಲೆ, ಹುಲ್ಲು ಹರಡಿ ಮೇಲೆ ತೆಳುವಾಗಿ ಮಣ್ಣು ಹಾಕಿ ಸುಡುತ್ತಾರೆ. ಇದರಿಂದ ಕಳೆ ಬೀಜ ನಾಶವಾಗುತ್ತದೆ, ಬೂದಿ ಗೊಬ್ಬರವಾಗುತ್ತದೆ ಎಂಬುದು ತಲೆಮಾರುಗಳ ಅನುಭವ. ಕರಾವಳಿ ಕರ್ನಾಟಕದ 'ಸುಡುಮಣ್ಣು' ಬಲ್ಲವರಿಗೆ ಇದು ಪರಿಚಿತ ಎನಿಸಬಹುದು.

ಇನ್ನೊಂದೆಡೆ ಕಾತಕರಿ ಕುಟುಂಬಗಳ ಮನೆಗಳಿಗೆ ಬೀಗ ಬಿದ್ದಿರುತ್ತದೆ. ದೀಪಾವಳಿ ನಂತರ ಭಿವಂಡಿ, ಕಲ್ಯಾಣ ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೆ ದುಡಿಯಲು ಹೋದ ಅನೇಕರು ಮರಳುವುದು ಮಳೆಗೆ ಮುನ್ನ. ನಗರದ ಕಟ್ಟಡಗಳಿಗೆ ಬೇಕಾದ ಇಟ್ಟಿಗೆ ತಯಾರಾಗುವುದು ಇವರ ಕೈಯಲ್ಲೇ.

ಅಣೆಕಟ್ಟುಗಳು ಎಷ್ಟು ನೀರು ಕೊಡುತ್ತವೆ?

ಮುಂಬೈಗೆ ಒಟ್ಟು 7 ಜಲಾಶಯಗಳಿಂದ ನೀರು ಪೂರೈಕೆಯಾಗುತ್ತದೆ. ಇವುಗಳ ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 14.47 ಲಕ್ಷ ಮಿಲಿಯನ್ ಲೀಟರ್. ಇದರಲ್ಲಿ ಶಹಾಪುರದ ಭಾತ್ಸಾ ಒಂದರ ಪಾಲೇ ಸುಮಾರು 7.17 ಲಕ್ಷ ಮಿಲಿಯನ್ ಲೀಟರ್, ಅಂದರೆ ಹತ್ತಿರ ಹತ್ತಿರ ಅರ್ಧ. 1892ರಿಂದ ಮುಂಬೈಗೆ ನೀರು ಕೊಡುತ್ತಿರುವ ತಾನ್ಸಾ ಕೂಡ ಇದೇ ತಾಲೂಕಿನದು.

ಕಲ್ಯಾಣ-ಡೊಂಬಿವಲಿಯ ನೀರು ಮುಖ್ಯವಾಗಿ ಉಲ್ಹಾಸ್ ನದಿಯಿಂದ ಬರುತ್ತದೆ. ಬದ್ಲಾಪುರ ಬಳಿಯ ಬಾರ್ವಿ ಅಣೆಕಟ್ಟಿನ ನೀರೂ ಈ ಭಾಗದ ನಗರಗಳಿಗೆ ಆಸರೆ. ನವಿ ಮುಂಬೈಗೆ ರಾಯಗಢ ಜಿಲ್ಲೆಯಲ್ಲಿ ಸ್ವಂತ ಮೊರ್ಬೆ ಅಣೆಕಟ್ಟು ಇದೆ. ಮೂಲ ಬೇರೆ ಬೇರೆಯಾದರೂ ಎಲ್ಲ ನಗರಗಳೂ ನೆಚ್ಚಿಕೊಂಡಿರುವುದು ಗ್ರಾಮೀಣ ಭಾಗದ ಜಲಾಶಯಗಳನ್ನೇ.

ಪಕ್ಕದಲ್ಲೇ ನೀರಿದ್ದರೂ ಹಳ್ಳಿಗೆ ಯಾಕಿಲ್ಲ?

ಮೊದಲ ಕಾರಣ ನೆಲದ ಗುಣ. ಇಲ್ಲಿ ಮಳೆಗೆ ಕೊರತೆಯಿಲ್ಲ, ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಆದರೆ ಬಹುಪಾಲು ಮಳೆ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮೇಲಿನ ಮಣ್ಣು ತೆಳು, ಅದರಡಿ ಗಟ್ಟಿ ಬಸಾಲ್ಟ್ ಬಂಡೆ, ಜೊತೆಗೆ ಕಡಿದಾದ ಇಳಿಜಾರು. ಹೀಗಾಗಿ ನೀರು ಇಂಗುವ ಮೊದಲೇ ಹರಿದು ಹೋಗುತ್ತದೆ. ಮಾರ್ಚ್ ಹೊತ್ತಿಗೆ ಬಾವಿಗಳ ತಳ ಕಾಣಿಸುತ್ತದೆ.

ಎರಡನೆಯದು ಎತ್ತರ. ಜಲಾಶಯಗಳಿರುವುದು ಕಣಿವೆಯಲ್ಲಿ, ಹಲವು ಹಳ್ಳಿಗಳಿರುವುದು ಗುಡ್ಡದ ಮೇಲೆ. ಭಾತ್ಸಾದಿಂದ ಬಿಟ್ಟ ನೀರು ನದಿಯಲ್ಲೇ ಕೆಳಗೆ ಹರಿದು ಪಿಸೆ ತಲುಪುತ್ತದೆ. ಅಲ್ಲಿಂದ ಎತ್ತಿ ಪಾಂಜರಾಪುರದಲ್ಲಿ ಶುದ್ಧೀಕರಿಸಿ ಮುಂಬೈಗೆ ಕಳಿಸಲಾಗುತ್ತದೆ. ಅದೇ ನೀರನ್ನು ಗುಡ್ಡದ ಮೇಲಿನ ಹಳ್ಳಿಗೆ ಏರಿಸಬೇಕೆಂದರೆ ಪಂಪ್, ಪೈಪ್, ವಿದ್ಯುತ್ ಬಿಲ್ ಎಲ್ಲವೂ ಬೇಕು. ಆ ಖರ್ಚು ಸಣ್ಣ ಗ್ರಾಮ ಪಂಚಾಯಿತಿಗಳ ಕೈ ಮೀರಿದ್ದು.

ಮೂರನೆಯದು ಊರುಗಳ ಸ್ವರೂಪ. ಒಂದು ಗ್ರಾಮವೆಂದರೆ ದೂರ ದೂರದಲ್ಲಿ ಚದುರಿದ ಹಲವು 'ಪಾಡಾ'ಗಳು. ಕೆಲವು ಪಾಡಾಗಳಲ್ಲಿ ಬೆರಳೆಣಿಕೆಯ ಮನೆಗಳಷ್ಟೇ ಇರುತ್ತವೆ. ಒಂದು ಪಾಡಾಕ್ಕೆ ನಲ್ಲಿ ಬಂದರೂ ಮುಂದಿನ ಪಾಡಾಕ್ಕೆ ಬಂದಿರುತ್ತದೆ ಎನ್ನುವಂತಿಲ್ಲ.

ಟ್ಯಾಂಕರ್ ಬಂದಾಗ ಏನಾಗುತ್ತದೆ?

ಟ್ಯಾಂಕರ್ ನೀರನ್ನು ಹಲವು ಕಡೆ ನೇರವಾಗಿ ಕೊಡಗಳಿಗೆ ತುಂಬುವುದಿಲ್ಲ, ಊರಿನ ಬತ್ತಿದ ಬಾವಿಗೇ ಸುರಿಯುತ್ತಾರೆ. ಮಹಿಳೆಯರು ಹಗ್ಗ ಇಳಿಬಿಟ್ಟು ಸೇದಿ, ತಲೆ ಮೇಲೆ ಸಿಂಬೆ ಇಟ್ಟು ಒಂದರ ಮೇಲೊಂದು ಕೊಡ ಹೊತ್ತು ನಡೆಯುತ್ತಾರೆ. ಬಾವಿಯ ಕೆಸರಿನೊಂದಿಗೆ ಬೆರೆತ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು. ಟ್ಯಾಂಕರ್ ಯಾವಾಗ ಬರುತ್ತದೋ ತಿಳಿಯದ ಕಾರಣ ಆ ದಿನದ ಕೂಲಿ ಬಿಡಬೇಕಾಗುತ್ತದೆ. ದೊಡ್ಡವರು ಕೆಲಸಕ್ಕೆ ಹೋದರೆ ಸರದಿಯಲ್ಲಿ ನಿಲ್ಲುವುದು ಶಾಲೆಗೆ ಹೋಗಬೇಕಾದ ಹೆಣ್ಣುಮಕ್ಕಳು.

ಪರಿಹಾರ ಏನು?

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಜಲ ಜೀವನ್ ಮಿಷನ್ ಪ್ರಕಾರ ಗ್ರಾಮೀಣ ಭಾಗದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ನಲ್ಲಿಯಲ್ಲೇ ಸಿಗಬೇಕು. ಒಳಚರಂಡಿ ಇರುವ ನಗರಗಳಿಗೆ ನಿಗದಿಯಾದ ಮಾನದಂಡ 135 ಲೀಟರ್. 2024ಕ್ಕೆ ಮುಗಿಯಬೇಕಿದ್ದ ಈ ಯೋಜನೆಯ ಗಡುವು 2028ಕ್ಕೆ ವಿಸ್ತರಣೆಯಾಗಿದೆ. ಆದರೆ ನಲ್ಲಿ ಹಾಕಿದ ಮಾತ್ರಕ್ಕೆ ನೀರು ಬರುವುದಿಲ್ಲ. ನೀರಿನ ಮೂಲವೇ ಏಪ್ರಿಲ್‌ನಲ್ಲಿ ಬತ್ತಿದರೆ ನಲ್ಲಿಯೂ ಒಣಗುತ್ತದೆ.

ಇದಕ್ಕಾಗಿಯೇ ಘಾಟಿಯ ಮೇಲಿರುವ ನಾಸಿಕ್ ಜಿಲ್ಲೆಯ ಭಾವಲಿ ಅಣೆಕಟ್ಟಿನಿಂದ ನೀರು ತರುವ ಯೋಜನೆ ರೂಪಿಸಲಾಗಿದೆ. ಭಾವಲಿ ಎತ್ತರದಲ್ಲಿರುವುದರಿಂದ ನೀರು ಗುರುತ್ವ ಬಲದಿಂದಲೇ ಶಹಾಪುರದ ಹಳ್ಳಿಗಳಿಗೆ ಇಳಿದು ಬರಬಲ್ಲದು, ಪಂಪಿಂಗ್ ಹೊರೆ ಇರುವುದಿಲ್ಲ ಎಂಬುದು ಇದರ ಲೆಕ್ಕಾಚಾರ.

ಲಿಂಗನಮಕ್ಕಿಯಿಂದ ನಾಡಿಗೆ ಬೆಳಕು ಬಂದರೂ ಶರಾವತಿ ಹಿನ್ನೀರಿನ ಹಲವು ಊರುಗಳು ದಶಕಗಳ ಕಾಲ ಕತ್ತಲಲ್ಲೇ ಉಳಿದಿದ್ದು ಕನ್ನಡಿಗರಿಗೆ ಗೊತ್ತು. ಶಹಾಪುರದ್ದೂ ಅಂಥದ್ದೇ ಪಾಡು. ಮುಂಬೈಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಜಲಾಶಯಗಳಲ್ಲಿ ಶೇಕಡಾ ಎಷ್ಟು ನೀರಿದೆ ಎಂದು ನಗರ ಅಲ್ಲಿಯವರೆಗೆ ಲೆಕ್ಕ ಹಾಕುತ್ತಿರುತ್ತದೆ. ಆ ಜಲಾಶಯಗಳ ದಡದ ಹಳ್ಳಿಗಳು ಎಣಿಸುವುದು ಮನೆಯಲ್ಲಿ ಉಳಿದಿರುವ ಕೊಡಗಳನ್ನು.